ಮುಷ್ಟಿಯೊಳಗಿನ ಹೆಬ್ಬೆರಳು

ಪ್ಯಾರಮಟ್ಟಾ, ಸಿಡ್ನಿ
೩ ಸೆಪ್ಟೆಂಬರ್ ೧೯೮೯

ಚಕ್ರಪಾಣಿ,

ನಾಟಕ ಕಂಪನಿಯವರು ಕೊಡುತ್ತೇವೆ ಅಂದದ್ದು: ಮೆಲ್ಬೋರ್ನಿನಲ್ಲಿ ಬುಧವಾರದ ಮಧ್ಯಾಹ್ನದ ಆಟಗಳೆಲ್ಲ ನನಗೆ. ಕೊಟ್ಟದ್ದು: ಒಂದೂ ಇಲ್ಲ. ಕೊಡುತ್ತೇವೆ ಅಂದದ್ದು: ನಾಟಕದ ಪುಸ್ತಿಕೆಯಲ್ಲಿ ನಟರ ಸಾಲಿನಲ್ಲಿ ನನ್ನ ಹೆಸರು. ಕೊಟ್ಟದ್ದು: ಕೊನೆಯ ಪುಟದ ಕೃತಜ್ಞತೆಯಲ್ಲಿ, ಹೂವಿನ ಅಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ, ‘ನರೇನ್’. ನಾರಾಯಣ ಅಂತ ಪೂರ್ತಿ ಬರೆಯುವಷ್ಟು ಜಾಗವೂ ಸಿಗಲಿಲ್ಲ. ಕೊಡುತ್ತೇವೆ ಅಂದದ್ದು: ನಾಟಕ ಸಿನಿಮಾ ಆದಾಗ ಆಳಿನ ತಮ್ಮನ ಪಾತ್ರ. ಕೊಟ್ಟದ್ದು: ಫೋನಿನಲ್ಲಿ ಯಾರೋ ಹುಡುಗಿ, ನೀವು ಮೆಲ್ಬೋರ್ನಿಗೆ ಬರಬೇಕಾಗಿಲ್ಲ, ಅಲ್ಲಿಯವರೇ ಒಬ್ಬರು ಸಿಕ್ಕಿದ್ದಾರೆ, ಸಿನಿಮಾ ವಿಷಯ ಬರುವ ವರ್ಷ ನೋಡೋಣ ಅಂದಳು.

ಆರು ವರ್ಷ ಆದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಕ್ಷೇಮ ಕೇಳುವುದಕ್ಕಲ್ಲ. ನಿಮ್ಮ ಕನ್ನಡ ಬಳಗದ ಪತ್ರಿಕೆ ಮ್ಯಾಗ್ಡಲಿನ್ ನರ್ಸ್ ಆಗಿರುವ ಆಸ್ಪತ್ರೆಯ ಡಾಕ್ಟರೊಬ್ಬರಿಂದ ನಮ್ಮ ಮನೆಗೆ ಬಂತು. ನನ್ನ ಹೆಂಡತಿ ಮಂಗಳೂರಿನ ಕೊಂಕಣಿ ಮನೆಯವಳಾದರೂ ಕನ್ನಡದ ಕಾಗದ ಕಂಡರೆ ಬಿಡುವುದಿಲ್ಲ. ಮೇಲುಗಡೆ ‘ಅಧ್ಯಕ್ಷರು: ಚಕ್ರಪಾಣಿ’. ಕೆಳಗೆ, ನವೆಂಬರ್ ಹದಿನೆಂಟರ ರಾಜ್ಯೋತ್ಸವಕ್ಕೆ ಇಂಗ್ಲೆಂಡಿನ ಮಹಾನ್ ನಟ ಹಂಫ್ರಿ ವೆನ್‌ಲಾಕ್ ಮುಖ್ಯ ಅತಿಥಿ. ಮೈಸೂರು ಪೇಟ, ಶಾಲು, ಬಿನ್ನವತ್ತಳೆ. ಪಕ್ಕದಲ್ಲಿ ಅವನ ಫೋಟೊ. ಮುಖಕ್ಕೆ ಕಂದು ಬಣ್ಣ, ತಲೆಗೆ ಮುಂಡಾಸು, ಕೈ ಎರಡೂ ತೊಡೆಯ ಪಕ್ಕ, ಹೆಬ್ಬೆರಳು ಮುಷ್ಟಿಯೊಳಗೆ.

ಆ ಹೆಬ್ಬೆರಳು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಿಮ್ಮ ಪತ್ರಿಕೆ ಅವನ ಕಥೆಯನ್ನು ಒಂದು ಪುಟ ಬರೆದಿದೆ. ನಲವತ್ತು ವರ್ಷ ರಂಗಭೂಮಿ, ಅರವತ್ತೊಂದು ಪಾತ್ರ, ಯುದ್ಧದ ಸಿನಿಮಾಗಳಲ್ಲಿ ಕ್ಯಾಪ್ಟನ್, ಟಿವಿಯಲ್ಲಿ ಎಂಟು ವರ್ಷ ಪತ್ತೇದಾರ. ಪತ್ತೇದಾರನ ಕೆಲಸ ಮುಗಿದ ಮೇಲೆ ಐದು ವರ್ಷ ಅವನನ್ನು ಯಾರೂ ಕರೆಯಲಿಲ್ಲ ಅನ್ನುವುದನ್ನು ಬರೆದಿಲ್ಲ. ಈ ನಾಟಕದ ಬಂಗಲೆಯ ಆಳಿನ ಪಾತ್ರ ಅವನನ್ನು ಮತ್ತೆ ನಿಲ್ಲಿಸಿತು. ಆ ಆಳನ್ನು ನಿಲ್ಲಿಸಿದವನು ನಾನು. ಹೊರಗಿನ ನಟನನ್ನು ಕರೆತಂದರೆ ಇಲ್ಲಿಯವನೊಬ್ಬನನ್ನು ಬದಲಿ ನಟನಾಗಿ ಇಟ್ಟುಕೊಳ್ಳಬೇಕು ಅಂತ ಕಂಪನಿಗೆ ಕಟ್ಟಳೆ ಇತ್ತು. ಅಂಚೆ ವಿಂಗಡಿಸುವ ಕೆಲಸಕ್ಕೆ ರಜೆ ಹಾಕಿ ಹೋದೆ. ಮೊದಲ ದಿನವೇ ವೆನ್‌ಲಾಕ್ ನನ್ನನ್ನು ಪಕ್ಕಕ್ಕೆ ಕರೆದ. ಇಂಥವನು ಯಜಮಾನನ ಮುಂದೆ ಹೇಗೆ ನಿಲ್ಲುತ್ತಾನೆ, ತೋರಿಸು ಅಂದ. ತೋರಿಸಿದೆ. ಆರು ವಾರ ದಿನಾ ತೋರಿಸಿದೆ, ಬುಧವಾರದ ಆಸೆಗೆ.

ಯಾರನ್ನು ತೋರಿಸಿದೆ ಅಂತ ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಅಧ್ಯಕ್ಷರಿಗೆ ಮರೆವು ಜಾಸ್ತಿ. ನಮ್ಮಪ್ಪ ಮುನಿಯಪ್ಪ. ಗಣಿ ಊರಿನ ಬಂಗಲೆಯಲ್ಲಿ ಮೂವತ್ತೊಂದು ವರ್ಷ ಸಾಹೇಬರ ಚಹಾ ಹಿಡಿದು ಬಾಗಿಲಲ್ಲಿ ನಿಂತವನು. ಉಗುರಲ್ಲಿ ಕೊಳೆ ಇದೆ ಅಂತ ಯಾವನೋ ಸಾಹೇಬ ಬೈದ ದಿನದಿಂದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟವನು ಸಾಯುವ ತನಕ ತೆಗೆಯಲಿಲ್ಲ.

ಆಹ್ವಾನ ವಾಪಸ್ ತಗೊ. ಅಷ್ಟೇ ಕೇಳುವುದು.

ನಾರಾಯಣ


ಗ್ಲೆನ್ ವೇವರ್ಲಿ, ಮೆಲ್ಬೋರ್ನ್
೧೪ ಸೆಪ್ಟೆಂಬರ್ ೧೯೮೯

ಪ್ರೀತಿಯ ನಾಣಿ,

ಕಾಗದ ತಲುಪಿತು. ಬೈದಾದರೂ ಬರೆದರಲ್ಲ ಅಂತ ಸಾವಿತ್ರಿ ಅಂದಳು. ನಿನ್ನ ಅಕ್ಷರ ಇನ್ನೂ ಗೋಡೆ ಬರಹದ ಹಾಗೆಯೇ ಇದೆ, ಕವರಿನ ಮೇಲಿನ ನಮ್ಮ ವಿಳಾಸವೂ ಘೋಷಣೆಯ ಹಾಗೆ ಕಂಡಿತು.

ನೀನು ಮತ್ತೆ ನಾಟಕಕ್ಕೆ ಹೋದದ್ದು ನನಗೆ ಗೊತ್ತಿರಲಿಲ್ಲ. ಒಂದು ಫೋನ್ ಮಾಡಬಹುದಿತ್ತು. ನಿನಗೆ ಆದದ್ದು ಅನ್ಯಾಯ, ಇಲ್ಲ ಅನ್ನುವುದಿಲ್ಲ. ಆದರೆ ಆಹ್ವಾನ ನಾನೊಬ್ಬ ಕೊಟ್ಟದ್ದಲ್ಲ. ಕಮಿಟಿಯಲ್ಲಿ ಪಾಸಾಗಿದೆ, ಶಾಲೆಯ ಹಾಲ್ ಬುಕ್ ಮಾಡಿ ಆಗಿದೆ. ಕಾರ್ಯದರ್ಶಿ ಡಾಕ್ಟರ್ ಬದರಿನಾಥ್ ಮೈಸೂರಿಗೆ ಹೋದವರು ಪೇಟವನ್ನು ತೊಡೆಯ ಮೇಲೆ ಇಟ್ಟುಕೊಂಡೇ ವಿಮಾನದಲ್ಲಿ ಬಂದಿದ್ದಾರೆ, ಮಗುವನ್ನು ಕರೆತಂದ ಹಾಗೆ.

ನಮ್ಮ ಕಷ್ಟವನ್ನೂ ನೋಡು. ಮಗಳು ಆರತಿಗೆ ಈಗ ಹನ್ನೆರಡು. ಸ್ಕೂಲಿನಲ್ಲಿ ಅವಳ ಊಟದ ಡಬ್ಬಿ ತೆಗೆದರೆ ಮೂಗು ಮುಚ್ಚಿಕೊಳ್ಳುತ್ತಾರಂತೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಟಿವಿಯಲ್ಲಿ ಎಲ್ಲರೂ ನೋಡಿದ ಮನುಷ್ಯ ನಮ್ಮ ಪೇಟ ತೊಟ್ಟು ‘ನಮಸ್ಕಾರ’ ಅಂದರೆ ಈ ಮಕ್ಕಳು ಸ್ವಲ್ಪ ತಲೆ ಎತ್ತಿ ನಡೆಯುತ್ತಾರೆ. ಇಷ್ಟೇ ನನ್ನ ಆಸೆ.

ಹೋದ ಶನಿವಾರ ನಾಟಕ ನೋಡಿ ಬಂದೆವು. ನಾಣಿ, ಅವನು ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಾಗ ಮುನಿಯಪ್ಪನೇ ಎದ್ದು ಬಂದಂತಾಯಿತು. ನಾನು ಅತ್ತುಬಿಟ್ಟೆ. ನೀನು ಎಷ್ಟು ಚೆನ್ನಾಗಿ ಕಲಿಸಿದ್ದೀಯ ಅಂತ ಈಗ ತಿಳಿಯಿತು.

ಜಗಳ ಬಿಡು. ಸಮಾರಂಭಕ್ಕೆ ಬಾ. ಬಿನ್ನವತ್ತಳೆಯನ್ನು ನೀನೇ ಬರೆದುಕೊಡು. ನಮ್ಮಲ್ಲಿ ನಿನ್ನಂಥ ಕೈ ಯಾರಿಗೂ ಇಲ್ಲ.

ನಿನ್ನ
ಚಕ್ರಿ


ಪ್ಯಾರಮಟ್ಟಾ
೨೪ ಸೆಪ್ಟೆಂಬರ್ ೧೯೮೯

ಚಕ್ರಪಾಣಿ,

ನೀನು ಅತ್ತುಬಿಟ್ಟೆಯಂತೆ. ಟಿಕೆಟ್ ತಗೊಂಡು ಹೋಗಿ, ಮೆತ್ತನೆ ಕುರ್ಚಿಯಲ್ಲಿ ಕೂತು, ನಮ್ಮಪ್ಪನಿಗಾಗಿ ಅತ್ತೆ. ಅವನು ಸತ್ತಾಗ ನೀನು ಕಳಿಸಿದ್ದು ಅಂಗಡಿಯಲ್ಲಿ ಅಚ್ಚಾದ ಕಾರ್ಡು. ಕೆಳಗೆ ಇಂಗ್ಲಿಷಿನಲ್ಲಿ ನಿಮ್ಮಿಬ್ಬರ ಸಹಿ. ಈಗ ಅದೇ ಮನುಷ್ಯನ ಮೈಯನ್ನು ಬಿಳಿಯನೊಬ್ಬ ಹಾಕಿಕೊಂಡು ಬಂದರೆ ಕಣ್ಣೀರು.

ಎಪ್ಪತ್ತನಾಲ್ಕು ಮರೆತೆಯಾ? ನಾನು ಮರೆತಿಲ್ಲ. ನಮ್ಮ ಬೀದಿ ನಾಟಕದ ತಂಡದಲ್ಲಿ ಆಳಿನ ಪಾತ್ರ ನಿನಗೆ, ಸಾಹೇಬನ ಪಾತ್ರ ನನಗೆ. ಅದನ್ನೇ ಕ್ರಾಂತಿ ಅಂದುಕೊಂಡೆವು. ಮೇಲಿನವನು ಬಾಗಬೇಕು, ಕೆಳಗಿನವನು ಕುರ್ಚಿಯಲ್ಲಿ ಕೂರಬೇಕು. ನಿನಗೆ ಬಾಗುವುದು ಬರುತ್ತಿರಲಿಲ್ಲ. ದೇವಸ್ಥಾನದಲ್ಲಿ ತೀರ್ಥ ತಗೊಳ್ಳುವವನ ಹಾಗೆ ಸೊಂಟದಿಂದ ಬಾಗುತ್ತಿದ್ದೆ. ನಾನೇ ನಿನ್ನನ್ನು ಗಣಿ ಆಳುಗಳ ಸಾಲಿನ ನಮ್ಮ ಲೈನ್ ಮನೆಗೆ ಕರೆದುಕೊಂಡು ಹೋದೆ. ನಾಲ್ಕು ಭಾನುವಾರ ಅಪ್ಪ ನಿನ್ನ ಮುಂದೆ ನಿಂತು ತೋರಿಸಿದ. ಬೆನ್ನು ಸೊಂಟದಲ್ಲಲ್ಲ, ಭುಜದ ಮೂಳೆಗಳ ನಡುವೆ ಬಾಗಬೇಕು. ಕಣ್ಣು ಸಾಹೇಬನ ಅಂಗಿಯ ಎರಡನೇ ಗುಂಡಿಯ ಮೇಲೆ ಇರಬೇಕು, ಮುಖದ ಮೇಲೆ ಹೋಗಬಾರದು. ನೀನು ಮುಗ್ಧನಾಗಿ, ಹೆಬ್ಬೆರಳು ಯಾಕೆ ಹಾಗೆ ಅಂತ ಕೇಳಿದೆ. ಅವನು ನಕ್ಕ. “ಅದು ಅಭ್ಯಾಸ ಸ್ವಾಮಿ,” ಅಂದ. ಇಪ್ಪತ್ತು ವರ್ಷದ ಹುಡುಗನಿಗೆ ಸ್ವಾಮಿ. ನೀನು ಬೇಡ ಅನ್ನಲಿಲ್ಲ.

ಅದೇ ಹೆಬ್ಬೆರಳಿಗೆ ಬೆಂಗಳೂರಿನಲ್ಲಿ ನಿನಗೆ ಉತ್ತಮ ನಟ ಬಹುಮಾನ ಬಂತು. ಅಪ್ಪ ಯಾರದೋ ಕೋಟು ತೊಟ್ಟು ನೋಡಲು ಬಂದಿದ್ದ. ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ ಅಂದಿದ್ದೆ. ಅತಿಥಿಗಳು ಬಂದರು ಅಂತ ಎಬ್ಬಿಸಿ ಹಿಂದೆ ನಿಲ್ಲಿಸಿದರು. ನೀನು ಮೈಕಿನ ಮುಂದೆ ಅಂದ ಮಾತು ನನಗೆ ಬಾಯಿಪಾಠ: ಆಳೊಬ್ಬನನ್ನು ಗಮನಿಸಿ ಕಲಿತೆ. ಹೆಸರಿಲ್ಲದ ಆಳು. ಹೋದ ಮೇ ತಿಂಗಳು ವೆನ್‌ಲಾಕ್ ಇಲ್ಲಿಯ ಟಿವಿಯಲ್ಲಿ ಅಂದದ್ದೂ ಅದೇ, ಪದ ಬಿಡದೆ ಅದೇ. ನಿಮಗಿಬ್ಬರಿಗೂ ಒಬ್ಬನೇ ಮೇಷ್ಟ್ರು ಪಾಠ ಹೇಳಿದ್ದಾನೆ ಅಂತ ನಾನು ಟಿವಿ ಆರಿಸಿದೆ.

ಬಹುಮಾನದ ಮಾರನೆಯ ಬೆಳಿಗ್ಗೆ ನಿಮ್ಮ ಮನೆ. ನಾನು ನಡುಮನೆಯಲ್ಲಿ ನಿನ್ನ ಪಕ್ಕ, ಕಾಲೇಜಿನವನಲ್ಲವೇ, ನಡೆಯುತ್ತಿತ್ತು. ಅಪ್ಪ ಜಗಲಿಯಲ್ಲಿ. ನಿಮ್ಮಮ್ಮ ಅವನಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರು. ಕುಡಿದು, ತೊಳೆದು, ಬೋರಲು ಹಾಕಿಟ್ಟ. ನೀನು ಕಿಟಕಿಯಿಂದ ನೋಡಿದೆ. ನೀನು ನೋಡಿದ್ದನ್ನು ನಾನು ನೋಡಿದೆ. ಇಬ್ಬರೂ ಉಪ್ಪಿಟ್ಟು ತಿಂದೆವು.

ಮೆರವಣಿಗೆಯಲ್ಲಿ ಅಪ್ಪ ಮುಷ್ಟಿ ಎತ್ತಿದರೂ ಹೆಬ್ಬೆರಳು ಒಳಗೇ ಇರುತ್ತಿತ್ತು. ಗೆಳೆಯರು ನಗುತ್ತಿದ್ದರು. ಹೊರಗೆ ತೆಗೀರಿ, ಗುದ್ದಿದರೆ ಮುರಿದೀತು ಅಂತ ನೀನು ತಿದ್ದಿದೆ. ಬಹುಮಾನಕ್ಕೆ ಒಳಗೆ ಬೇಕಾಗಿತ್ತು, ಮೆರವಣಿಗೆಗೆ ಹೊರಗೆ.

ನಿನ್ನ ಮೇಲೆ ಇರುವಷ್ಟೇ ಸಿಟ್ಟು ನನ್ನ ಮೇಲೂ ಇದೆ, ಬರೆದಿಟ್ಟುಕೊ. ಎರಡು ಸಲವೂ ಅಪ್ಪನ ನಿಲುವನ್ನು ತೋರಿಸಿಕೊಟ್ಟವನು ನಾನೇ. ಆ ಬೆನ್ನು ನೆಟ್ಟಗಾಗಬೇಕು ಅಂತ ಹತ್ತು ವರ್ಷ ಬೀದಿಯಲ್ಲಿ ಕೂಗಿದವನು, ಬುಧವಾರದ ಪಾತ್ರಕ್ಕೆ ಅದೇ ಬೆನ್ನು ಬಗ್ಗಿಸಿ ತೋರಿಸಿದೆ.

ಬಿನ್ನವತ್ತಳೆ ಬರೆದುಕೊಡುತ್ತೇನೆ. ಒಂದೇ ಷರತ್ತು. ವೇದಿಕೆಯ ಮೇಲೆ ಅದನ್ನು ನೀನೇ ಓದಬೇಕು.

ನಾರಾಯಣ


ಪ್ಯಾರಮಟ್ಟಾ
೮ ಅಕ್ಟೋಬರ್ ೧೯೮೯

ಚಕ್ರಪಾಣಿ,

ಒಪ್ಪಿದೆ ಅಂತ ಎರಡು ಸಾಲಿನ ಕಾರ್ಡು ಬಂತು. ಇದೋ ಬಿನ್ನವತ್ತಳೆ. ಒಂದು ಅಕ್ಷರ ಬದಲಾಗಕೂಡದು.

“ಮಾನ್ಯ ಮುನಿಯಪ್ಪನವರೇ, ನಿಮ್ಮನ್ನು ಯಾರೂ ಬಹುವಚನದಲ್ಲಿ ಕರೆಯಲಿಲ್ಲ. ಮಗನೂ ಕರೆಯಲಿಲ್ಲ. ಇವತ್ತು ಸಭೆಯಲ್ಲಿ ಕರೆಯುತ್ತಿದ್ದೇವೆ. ನೀವು ಮೂವತ್ತೊಂದು ವರ್ಷ ಬಂಗಲೆಯ ಬಾಗಿಲಲ್ಲಿ ನಿಂತಿರಿ. ನಿಮ್ಮ ನಿಲುವನ್ನು ಚಕ್ರಪಾಣಿ ಎಂಬ ವಿದ್ಯಾರ್ಥಿ ಕಲಿತು ಬಹುಮಾನ ಪಡೆದ. ಹದಿನೈದು ವರ್ಷದ ಮೇಲೆ ಹಂಫ್ರಿ ವೆನ್‌ಲಾಕ್ ಎಂಬ ನಟ ಕಲಿತು ಕಳೆದುಹೋದ ಹೆಸರು ಮರಳಿ ಪಡೆದ. ಇಬ್ಬರೂ ನಿಮ್ಮ ಹೆಸರು ಹೇಳಲಿಲ್ಲ. ಇಬ್ಬರಿಗೂ ನಿಮ್ಮನ್ನು ತೋರಿಸಿದ ನಾರಾಯಣನೂ ಹೇಳಲಿಲ್ಲ, ಪಾತ್ರ ಸಿಗಲಿ ಅಂತ. ಎಲ್ಲರೂ ಅದನ್ನು ಕಲೆ ಅಂದರು. ಅದು ಕಲೆಯಲ್ಲ. ನಿಮ್ಮ ಮೇಲೆ ಹೇರಿದ ಭಾರ. ಈ ಪೇಟ ನಿಮ್ಮದು, ಈ ಶಾಲು ನಿಮ್ಮದು. ತೆಗೆದುಕೊಳ್ಳಲು ನೀವಿಲ್ಲ. ಇವತ್ತು ಯಾರು ಹೊದ್ದರೂ ಇವು ನಿಮ್ಮವು ಎಂದು ತಿಳಿದೇ ಹೊದೆಯಲಿ.”

ಓದುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ಓದದಿದ್ದರೆ ಇದೇ ನನ್ನ ಕೊನೆಯ ಕಾಗದ.

ನಾರಾಯಣ


ಗ್ಲೆನ್ ವೇವರ್ಲಿ
೨೨ ಅಕ್ಟೋಬರ್ ೧೯೮೯

ನಾಣಿ,

ಹಾಳೆ ತಲುಪಿತು. ಕಮಿಟಿಗೆ ತೋರಿಸಿಲ್ಲ. ತೋರಿಸಿದರೆ ಏನಾಗುತ್ತದೆ ಅಂತ ನಿನಗೂ ಗೊತ್ತು. ಎಂಬತ್ತು ಸಂಸಾರ ಬರುತ್ತವೆ, ನಾನು ಅವರ ಮುಖ ಮತ್ತೆ ಮತ್ತೆ ನೋಡಬೇಕು. ಪೈಲಟ್‌ಗಳ ಮುಷ್ಕರದಿಂದ ಸಿಡ್ನಿಯ ಅತಿಥಿಗಳೆಲ್ಲ ಬಸ್ಸಿನಲ್ಲೇ ಬರಬೇಕಾಗಿದೆ, ಅದರ ಓಡಾಟ ಬೇರೆ. ಈ ನಡುವೆ ಕುದುರೆ ರೇಸಿನ ರಜೆ ಬರುತ್ತದೆ, ಆಗ ಊರಲ್ಲಿ ಯಾವ ಕೆಲಸವೂ ಆಗುವುದಿಲ್ಲ.

ಬದರಿನಾಥ್ ತಾವೇ ಒಂದು ಬಿನ್ನವತ್ತಳೆ ಬರೆದು ತಂದಿದ್ದಾರೆ. ‘ರಂಗಭಾಸ್ಕರ’, ‘ಅಭಿನಯ ಸಾಗರ’, ‘ಪೂರ್ವಪಶ್ಚಿಮ ಸೇತು’, ಎಲ್ಲ ಇವೆ. ಬಂಗಾರದ ಅಂಚಿನ ಚೌಕಟ್ಟಿಗೂ ಹಾಕಿಸಿದ್ದಾರೆ. ಎರಡೂ ನನ್ನ ಮೇಜಿನ ಮೇಲಿವೆ. ಏನು ಹೇಳಲಿ, ಮಾತು ಕೊಡಲಾರೆ.

ಇಲ್ಲಿ ಈ ವರ್ಷ ಚಳಿ ಇನ್ನೂ ಬಿಟ್ಟಿಲ್ಲ. ಅಮ್ಮ ಮಾರ್ಚಿನಿಂದ ನಮ್ಮ ಜೊತೆಗಿದ್ದಾರೆ. ಮಂಡಿನೋವು.

ಚಕ್ರಿ


ಪ್ಯಾರಮಟ್ಟಾ
೨೮ ಅಕ್ಟೋಬರ್ ೧೯೮೯

ಚಕ್ರಪಾಣಿ,

ಚಳಿ, ಬಸ್ಸು, ಕುದುರೆ, ಮಂಡಿ ಎಲ್ಲ ಬರೆದಿದ್ದೀಯ. ಲೋಟದ ವಿಷಯ ಬರೆದಿಲ್ಲ.

ನಾ.


ಗ್ಲೆನ್ ವೇವರ್ಲಿ
೧೯ ನವೆಂಬರ್ ೧೯೮೯

ನಾಣಿ,

ಓದಿದೆ.

ನಿನ್ನೆ ಬೆಳಿಗ್ಗೆ ಚೌಕಟ್ಟಿನಿಂದ ಬದರಿನಾಥರ ಹಾಳೆ ತೆಗೆದು ನಿನ್ನ ಹಾಳೆಯನ್ನೇ ಹಾಕಿದೆ. ಗೋಡೆ ಬರಹದ ಅಕ್ಷರಕ್ಕೆ ಬಂಗಾರದ ಅಂಚು. ಸಾವಿತ್ರಿ ಬಾಗಿಲಲ್ಲಿ ನಿಂತು ನೋಡಿದಳು, ಗಾಜು ಒರೆಸಿಕೊಟ್ಟಳು.

ವೆನ್‌ಲಾಕ್‌ಗೆ ಮಧ್ಯಾಹ್ನದ ಆಟ ಇತ್ತು, ಆಮೇಲೆ ರಾತ್ರಿಯದಕ್ಕೆ ಮೊದಲು ಒಂದು ಗಂಟೆ ಬಿಡುವು, ಅಷ್ಟರಲ್ಲೇ ಬಂದ. ಅವನಿಗೆ ನಡೆಯುವುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಆರತಿಯನ್ನು ಪಕ್ಕದಲ್ಲಿ ಕೂರಿಸಿದ್ದೆವು, ಅದೂ ಕಮಿಟಿಯದೇ ಏರ್ಪಾಟು. ಪೇಟ ತೊಡಿಸಿದರು, ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದಾಗ ಅವನು ಎದ್ದು ನಿಂತು, ನೋಡಿ ಅನ್ನುವ ಹಾಗೆ, ನಿಮ್ಮಪ್ಪನ ನಿಲುವಿಗೆ ಬಂದ. ಹಾಲ್ ಮತ್ತೆ ಚಪ್ಪಾಳೆ ಹೊಡೆಯಿತು. ನಾನು ಮೈಕಿಗೆ ಬಂದೆ. ಅವನು ಕುಳಿತುಕೊಳ್ಳಲಿಲ್ಲ. ವಿಡಿಯೋದವನಿಗೆ ಚೆನ್ನಾಗಿ ಸಿಗಲಿ ಅಂತಲೋ, ಮರ್ಯಾದೆ ಅಂತಲೋ, ನಾನು ಓದಿ ಮುಗಿಸುವ ತನಕ ಹಾಗೆಯೇ ಬಾಗಿ ನಿಂತಿದ್ದ. ಭುಜದ ಮೂಳೆಗಳ ನಡುವೆ ಬಾಗು, ಕಣ್ಣು ನನ್ನ ಅಂಗಿಯ ಎರಡನೇ ಗುಂಡಿಯ ಮೇಲೆ. ನಾಣಿ, ಆ ನಿಲುವಿನ ಮುಂದೆ ಯಜಮಾನನ ಜಾಗದಲ್ಲಿ ನಿಂತು ಆ ಹಾಳೆ ಓದಿದವನು ನಾನು. ಇದನ್ನು ನೀನು ಲೆಕ್ಕ ಹಾಕಿಯೇ ಷರತ್ತು ಹಾಕಿದೆಯೋ ಏನೋ. ನನ್ನ ಹೆಸರು ಬಂತು. ಬಿಟ್ಟು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ.

ಕೊನೆಗೆ ನಿನ್ನ ಹಾಳೆಯಲ್ಲಿ ಇಲ್ಲದ ಮಾತನ್ನೂ ಸೇರಿಸಿದೆ. ನಮ್ಮ ಮನೆಯ ಜಗಲಿಯಲ್ಲಿ ಅವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟೆವು, ಅವರೇ ತೊಳೆದಿಟ್ಟರು, ನಾನು ಕಿಟಕಿಯಿಂದ ನೋಡಿದೆ ಅಂದೆ. ಅಮ್ಮ ಮುಂದಿನ ಸಾಲಿನಲ್ಲಿದ್ದರು.

ಯಾಕೆ ಚಪ್ಪಾಳೆ ಇಲ್ಲ ಅಂತ ವೆನ್‌ಲಾಕ್‌ಗೆ ಅರ್ಥವಾಗಲಿಲ್ಲ. ಬಾಗಿಯೇ ಆರತಿಯನ್ನು ಕೇಳಿದ, ಏನಂತೆ ಅಂತ. ಬದರಿನಾಥ್ ಕೈಸನ್ನೆಯಲ್ಲಿ ಬೇಡ ಬೇಡ ಅಂದರು. ಇವಳು ಹೇಳಿಬಿಟ್ಟಳು, ಇಂಗ್ಲಿಷಿನಲ್ಲಿ, ಮೈಕಿಗೆ ಕೇಳುವಷ್ಟು ಹತ್ತಿರದಲ್ಲಿ: “ನೀವು ಒಬ್ಬರ ಬೆನ್ನನ್ನು ತಗೊಂಡು ಥ್ಯಾಂಕ್ಸ್ ಹೇಳಲಿಲ್ಲವಂತೆ. ನಮ್ಮಪ್ಪ ನಿಮಗಿಂತ ಮೊದಲೇ ತಗೊಂಡಿದ್ದರಂತೆ.”

ಅವನು ಮೆಲ್ಲಗೆ ನೆಟ್ಟಗಾದ. ಮುಖ ಕೆಂಪಗಾಗಿತ್ತು. “ಅರವತ್ತೊಂದು ಪಾತ್ರ ಮಾಡಿದ್ದೇನೆ ಮಗು. ಎಲ್ಲವೂ ಯಾರೋ ಒಬ್ಬರ ಮೈಯಿಂದ ಬಂದದ್ದೇ. ಇಲ್ಲಿಯ ತನಕ ಯಾರೂ ವಾಪಸ್ ಕೇಳಿರಲಿಲ್ಲ,” ಅಂದ.

“ಈಗ ಕೇಳ್ತಿದ್ದಾರೆ,” ಅಂದಳು ಆರತಿ.

ಪೇಟ, ಶಾಲು, ಹಣ್ಣಿನ ಬುಟ್ಟಿ, ಚೌಕಟ್ಟು, ಒಂದನ್ನೂ ಬಿಡದೆ ಕಾರಿಗೆ ಇಡಿಸಿಕೊಂಡು ಹೋದ. ಬೆನ್ನು ನೆಟ್ಟಗಿತ್ತು. ಕಾರಿನ ಬಾಗಿಲು ಹಿಡಿಯುವಾಗ ನೋಡಿದೆ, ಹೆಬ್ಬೆರಳು ಇನ್ನೂ ಒಳಗೇ ಇತ್ತು.

ನಾನು ರಾಜೀನಾಮೆ ಕೊಡುವ ಮೊದಲೇ ಸ್ವೀಕಾರವಾಯಿತು. ಅಮ್ಮ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಇವತ್ತು ಬೆಳಿಗ್ಗೆ ಕಾಫಿಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದರು. ಲೋಟ ಯಾವುದು ಅಂತ ನೋಡಿದೆ. ನೋಡುವ ಹಾಗಾಯಿತು.

ಚಕ್ರಿ


ಪ್ಯಾರಮಟ್ಟಾ
೨೭ ನವೆಂಬರ್ ೧೯೮೯

ಚಕ್ರಿ,

ಓದಿದೆ ಅಂತ ತಿಳಿಯಿತು. ಹದಿನೈದು ವರ್ಷ ತಡ. ಚಪ್ಪಾಳೆ ತಟ್ಟುವುದಿಲ್ಲ.

ಮ್ಯಾಗ್ಡಲಿನ್‌ಗೆ ನಿನ್ನ ಕಾಗದ ಓದಿ ಹೇಳಿದೆ. ಆರತಿಯ ಮಾತಿಗೆ ಬಂದಾಗ ತಟ್ಟೆ ಒರೆಸುವುದು ನಿಲ್ಲಿಸಿ, ಆ ಹುಡುಗಿಯನ್ನು ನಿಮ್ಮ ಯಾವ ಸಂಘಕ್ಕೂ ಸೇರಿಸಬೇಡಿ, ಕೆಟ್ಟುಹೋಗುತ್ತಾಳೆ ಅಂದಳು.

ಚೌಕಟ್ಟನ್ನು ಅವನು ಒಯ್ದದ್ದು ಒಳ್ಳೆಯದಾಯಿತು. ಲಂಡನ್ನಿನ ಯಾವುದೋ ಗೋಡೆಯ ಮೇಲೆ, ಅವನ ಪತ್ತೇದಾರನ ಫೋಟೊ ಪಕ್ಕದಲ್ಲಿ, ನನ್ನ ಕೈಬರಹದಲ್ಲಿ ನಮ್ಮಪ್ಪನ ಹೆಸರು ಬಹುವಚನದಲ್ಲಿ ನೇತಾಡಲಿ. ಓದಲು ಬಾರದಿದ್ದರೂ ದಿನಾ ಕಣ್ಣಿಗೆ ಬೀಳಲಿ. ಸಿನಿಮಾ ಮಾಡಲಿ, ಬಿರುದು ಬರಲಿ, ಅರವತ್ತೆರಡನೇ ಪಾತ್ರವೂ ಸಿಗಲಿ. ಸಿಟ್ಟು ಇಳಿದಿಲ್ಲ. ಆದರೆ ಇನ್ನು ಅವನ ಬುಧವಾರಕ್ಕೆ ನಾನು ಕಾಯುವುದಿಲ್ಲ.

ನಿನ್ನನ್ನು ಕ್ಷಮಿಸಿದೆ ಅಂತ ತಿಳಿಯಬೇಡ. ಕ್ಷಮಿಸುವುದಾದರೆ ಜಗಲಿಯಲ್ಲಿ ಕೂತವನು ಕ್ಷಮಿಸಬೇಕಿತ್ತು, ಅವನು ಇಲ್ಲ. ನನಗೆ ನಿನ್ನಿಂದ ಬೇಕಾದದ್ದು ಕೆಲಸ. ಎಪ್ಪತ್ತನಾಲ್ಕರ ನಮ್ಮ ನಾಟಕವನ್ನು ಮತ್ತೆ ಎತ್ತುತ್ತೇನೆ. ಕನ್ನಡದಲ್ಲಿ, ನಡುನಡುವೆ ಇಲ್ಲಿಯ ಇಂಗ್ಲಿಷಿನಲ್ಲಿ. ಅಂಚೆ ಕೆಲಸದ ಗೆಳೆಯರು, ಮ್ಯಾಗ್ಡಲಿನ್‌ಳ ನರ್ಸುಗಳು ನೋಡುತ್ತಾರೆ. ಈ ಸಲ ಆಳಿನ ಪಾತ್ರ ನನ್ನದು. ಬಾಗುವುದನ್ನು ಅರ್ಧ ನಾಟಕದ ತನಕ ಮಾತ್ರ ತೋರಿಸುತ್ತೇನೆ. ಆಮೇಲೆ ಹೆಬ್ಬೆರಳು ಹೊರಗೆ ಬರಬೇಕು. ಅದು ಹೇಗೆ ಬರುತ್ತದೆ ಅಂತ ನನಗೂ ಗೊತ್ತಿಲ್ಲ, ಅಪ್ಪ ತೋರಿಸಿಕೊಟ್ಟಿರಲಿಲ್ಲ. ಅದನ್ನು ನಾವೇ ಹುಡುಕಬೇಕು.

ಸಾಹೇಬನ ಪಾತ್ರ ನಿನ್ನದು. ಅದಕ್ಕೆ ನೀನು ಯಾರ ಮನೆಗೂ ಹೋಗಿ ನೋಡಿ ಕಲಿಯಬೇಕಾಗಿಲ್ಲ. ನಿಮ್ಮ ಕಿಟಕಿಯಿಂದ ಏನು ಕಂಡಿತು ಅಂತ ನೆನಪಿಟ್ಟುಕೊಂಡರೆ ಸಾಕು.

ವಿಮಾನ ಹಾರಲಿ ಬಿಡಲಿ, ಶನಿವಾರ ಸಂಜೆಯ ಬಸ್ಸು ಹತ್ತು. ಶಾಲು ತರಬೇಡ. ಇಲ್ಲಿ ಎಲ್ಲರಿಗೂ ಒಂದೇ ಥರದ ಲೋಟ. ತಾಲೀಮು ಪ್ಯಾರಮಟ್ಟಾ ಸ್ಟೇಷನ್ ಹಿಂದಿನ ಚರ್ಚ್ ಹಾಲಿನಲ್ಲಿ, ಡಿಸೆಂಬರ್ ಹತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.

ಮುನಿಯಪ್ಪನ ಮಗ
ನಾರಾಯಣ